ಮೂರನೆಯ ಸಲ ಕೇಳುವ ತನಕ

ಭೀಮವ್ವ ಸೊಲ್ಲಾಪುರದಿಂದ ಪುಣೆ ಹತ್ತಿರದ ನಿಗಡಿಗೆ ಬಂದಿದ್ದು ಮೊಮ್ಮಗಳನ್ನು ಶಾಲೆಗೆ ಹಾಕುವ ನೆವದಿಂದ. ಮಗ ಮಾಂತು ಮಾರ್ಚ್ ತಿಂಗಳಲ್ಲಿ ಫೋನ್ ಮಾಡಿ, "ಯವ್ವಾ, ಚಿನ್ನೂನ್ನ ಈ ವರ್ಷ ಒಂದನೇ ಇಯತ್ತೆಗೆ ಹಾಕಬೇಕು. ಸಾಲಿ ಗೊತ್ತಾಗಿ, ಕೂಸು ಹೊಂದಿಕೊಳ್ಳೂ ತನಕ ಬಂದಿರು" ಎಂದಿದ್ದ. ಅಷ್ಟು ಅಂದದ್ದೇ ತಡ, ಮುದುಕಿ ಮರುದಿನವೇ ಚೀಲ ಕಟ್ಟಿದಳು.

ಸೊಲ್ಲಾಪುರದಲ್ಲಿ ಅವಳಿಗೆ ಕಷ್ಟವೇನೂ ಇರಲಿಲ್ಲ. ಗಂಡ ಶಿವಪುತ್ರಪ್ಪ ತೀರಿಕೊಂಡಾಗ ಮಾಂತು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಹಾಗಾಗಿ ಮಗಳು ರಾಜೀವಿ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಅಳಿಯ ಒಳ್ಳೆಯವನು, ಬೀಗರೂ ಒಳ್ಳೆಯವರೇ. ಆದರೆ ಬೀಗರ ಮನೆಯ ಅನ್ನ ಎಷ್ಟೇ ಮೆತ್ತಗಿರಲಿ, ಗಂಟಲಲ್ಲಿ ಒಂದಿಷ್ಟು ತಡೆದೇ ಇಳಿಯುತ್ತದೆ. ಈಗ ಮಾಂತು ಎರಡು ಕೋಣೆಯ ಫ್ಲ್ಯಾಟು ಮಾಡಿದ್ದಾನೆ. ಅಲ್ಲಿಂದ ಆಕುರ್ಡಿ ಸ್ಟೇಷನ್ನು ಹತ್ತಿರ, ಆಕುರ್ಡಿಯಿಂದ ಲೋಕಲ್ ಗಾಡಿ ಹತ್ತಿದರೆ ತಾನು ಮೂವತ್ತು ವರ್ಷ ಬಾಳಿದ ಪಿಂಪ್ರಿ ಹತ್ತಿರ. ಇಲ್ಲಿಯೇ ಇದ್ದುಬಿಡಬೇಕು ಎಂಬ ಆಸೆ ಅವಳಿಗೆ ಚೀಲ ಕಟ್ಟುವಾಗಲೇ ಇತ್ತು. ಆಸೆ ಇತ್ತು ಅಂತ ಬಾಯಿಬಿಟ್ಟು ಹೇಳುವವರ ಪೈಕಿ ಅಲ್ಲ ಅವಳು.

ಯುಗಾದಿಯ ದಿನ ಸೊಸೆ ಶೈಲಶ್ರೀ ತಾನಾಗಿಯೇ ಕೇಳಿದಳು. ಇಬ್ಬರೂ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು.

"ಅತ್ತೀ, ನೀವು ಇಲ್ಲೇ ಇದ್ದುಬಿಡ್ತೀರೇನ್ರಿ? ಜೂನಿಂದ ನಾ ಮತ್ತ ಕೆಲಸಕ್ಕ ಹೋಗಬೇಕಂತ ಮಾಡೀನಿ."

ಭೀಮವ್ವನ ಮನಸ್ಸು ಸಂತೋಷಕ್ಕೆ ಕುಣಿಯಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಬ್ಯಾಡ ಬಿಡವಾ. ನಿಮಗ್ಯಾಕ ನನ್ನ ತ್ರಾಸ" ಎಂದುಬಿಟ್ಟಿತು. ಎಂದವಳು ತಿಕ್ಕಿದ ಪಾತೇಲಿಯನ್ನೇ ಮತ್ತೊಮ್ಮೆ ತಿಕ್ಕುತ್ತ, ಎರಡನೇ ಸಲದ ಕೇಳಿಕೆಗೆ ಕಿವಿಗೊಟ್ಟು ನಿಂತಳು. "ಆತ್ರೀ ಹಂಗಾರ" ಎಂದು ಶೈಲಶ್ರೀ ಕೈ ಒರೆಸಿಕೊಂಡು ಹೋದಳು. ಅಂದಿನಿಂದ ಆ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ.

ಇಂಡಿ ಕಡೆಯ ಭೀಮವ್ವನ ತವರಿನಲ್ಲಿ ಕೇಳಿದ ತಕ್ಷಣ 'ಬೇಕು' ಅಂದವರನ್ನು ಜನ ಮೇಲಿಂದ ಕೆಳಗೆ ನೋಡುತ್ತಿದ್ದರು. ಅವಳ ತಾಯಿ ಹೇಳಿಕೊಟ್ಟಿದ್ದಳು: "ಒಮ್ಮೆ ಕೇಳಿದ್ರ ಅದು ಅವರ ಮರ್ಯಾದಿ. ಎರಡು ಸಲ ಕೇಳಿದ್ರ ಮನಸ್ಸು. ಮೂರನೇ ಸಲ ಕೇಳಿದ್ರ ಗಡಿಗ್ಯಾಗ ಅನ್ನ ಅದ ಅಂತ ಅರ್ಥ. ಅವಾಗ ತಗೋ, ಅದೂ ಒಂದ್ ತುತ್ತು." ಗಡಿಗೆಯಲ್ಲಿ ಅನ್ನ ಇರದಿದ್ದ ದಿನಗಳೇ ಹೆಚ್ಚಾಗಿದ್ದ ಕಾಲದ ಮಾತು ಅದು. ಇನ್ನೊಬ್ಬರ ಮನೆಯ ಕೊನೆಯ ರೊಟ್ಟಿ ತಿಂದು ಬರಬಾರದು ಅಂತ ಕಟ್ಟಿಕೊಂಡ ಕಟ್ಟಲೆ. ಶೈಲಶ್ರೀ ಬೆಳೆದದ್ದು ಖಡಕಿಯ ಕ್ವಾರ್ಟರ್ಸಿನಲ್ಲಿ, ಅಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಒಮ್ಮೆ ಕೇಳುತ್ತಾರೆ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ.

ಶಾಲೆ ಹುಡುಕುವ ಕೆಲಸ ಏಪ್ರಿಲ್ ತುಂಬ ನಡೆಯಿತು. ಮೊದಲು ನೋಡಿದ್ದು ದೊಡ್ಡ ಗೇಟಿನ ಇಂಗ್ಲಿಷ್ ಶಾಲೆ. ಗೇಟಿನಲ್ಲಿ ಒಬ್ಬ, ಒಳಗೆ ಒಬ್ಬ, ಮಹಡಿಯಲ್ಲಿ ಒಬ್ಬ ಕಾವಲುಗಾರ. ಮನೆಯಲ್ಲಿ ಮಗುವಿನ ಜೊತೆ ಇಂಗ್ಲಿಷ್ ಮಾತಾಡುವವರು ಯಾರಿದ್ದೀರಿ ಎಂದು ಅಲ್ಲಿಯ ಟೀಚರ್ ಬಾಯಿ ಕೇಳಿದಳು. ಮಾಂತು ಹೆಂಡತಿಯ ಕಡೆ ನೋಡಿದ, ಹೆಂಡತಿ ಅತ್ತೆಯ ಕಡೆ ನೋಡಿದಳು, ಅತ್ತೆ ಕಾವಲುಗಾರನ ಕಡೆ ನೋಡಿದಳು. ಆದರೂ ಶೈಲಶ್ರೀಗೆ ಆ ಶಾಲೆ ಹಿಡಿಸಿತು. ಬಸ್ಸಿತ್ತು, ಸಂಜೆ ಆರರವರೆಗೆ ಮಕ್ಕಳನ್ನು ಅಲ್ಲೇ ನೋಡಿಕೊಳ್ಳುತ್ತಿದ್ದರು.

"ಆರು ಗಂಟೆ ತನಕಾ?" ಭೀಮವ್ವ ದಾರಿಯಲ್ಲಿ ಸಿಟ್ಟಿಗೆದ್ದಳು. "ಕೂಸನ್ನ ಸಾಲಿಗೆ ಹಾಕ್ತೀರೋ, ಕೊಟ್ಟಿಗ್ಯಾಗ ಕಟ್ಟತೀರೋ?"

"ಮತ್ತ ನೀನ ಹೇಳವ್ವಾ ಯಾವದು ಅಂತ," ಎಂದ ಮಾಂತು.

"ನೀ ಕಲತ ಕನ್ನಡ ಸಾಲಿ ಏನಾತು? ಅದರಾಗ ಕಲತ ನಿನಗೇನು ಕೋಡು ಮೂಡಿಲ್ಲಲ್ಲ?"

ಭಾನುವಾರ ಬಿಟ್ಟು ಸೋಮವಾರ ಮಾಂತು ರಜೆ ಹಾಕಿದ. ನಾಲ್ವರೂ ಲೋಕಲ್ ಹತ್ತಿ ಪಿಂಪ್ರಿಯಲ್ಲಿ ಇಳಿದರು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೇ ಭೀಮವ್ವನಿಗೆ ಹಳೆಯದೆಲ್ಲ ನೆನಪಾಯಿತು. ಇದೇ ಮೆಟ್ಟಿಲ ಮೇಲೆ ಬೆಳಿಗ್ಗೆ ಪಾಳಿಯ ಗಂಡಸರು ಕೆಳಗಿಳಿಯುತ್ತಿದ್ದರೆ, ಅವಳು ಮಾಂತುವಿನ ಕೈ ಹಿಡಿದು ಆಚೆ ದಾಟಿಸುತ್ತಿದ್ದಳು. ಕಾರ್ಖಾನೆಯ ಭೋಂಗಾ ಕೂಗಿತೆಂದರೆ ಕಾಲನಿಯಲ್ಲಿ ಏಕಕಾಲಕ್ಕೆ ಇಪ್ಪತ್ತು ಮನೆಯ ಸ್ಟೋವು ಹೊತ್ತುತ್ತಿದ್ದವು. ಮಳೆ ಹಿಡಿದರೆ ಒಂದೇ ಗೋಣಿತಟ್ಟಿನ ಕೊಪ್ಪೆಯಲ್ಲಿ ತಾಯಿ ಮಗ ಇಬ್ಬರೂ. ಶಾಲೆಯ ಬಾಗಿಲಲ್ಲಿ ಬಿಜಾಪುರದವರು, ಕಲಬುರ್ಗಿಯವರು, ಜತ್ತದವರು ಎಲ್ಲ ತಾಯಂದಿರು ಸೇರಿ ನಿಂತು, ಗಂಟೆ ಬಾರಿಸಿದ ಮೇಲೂ ಅರ್ಧ ತಾಸು ಊರ ಸುದ್ದಿ ಮಾತಾಡಿಯೇ ಮನೆಗೆ ಹೋಗುತ್ತಿದ್ದರು. ಎಂಥ ಸುಖದ ದಿನಗಳವು! ಕೈಯಲ್ಲಿ ಏನೂ ಇರಲಿಲ್ಲ, ಏನೂ ಕಡಿಮೆಯೂ ಅನಿಸುತ್ತಿರಲಿಲ್ಲ.

ಶಾಲೆ ಅಲ್ಲೇ ಇತ್ತು. ಮೊದಲಿನಷ್ಟು ಮಕ್ಕಳಿರಲಿಲ್ಲ. ಒಂದನೇ ಇಯತ್ತೆಯ ಕೋಣೆಯಲ್ಲಿ ಎಂಟು ಹುಡುಗರು ಎರಡನೇ ಇಯತ್ತೆಯವರ ಜೊತೆ ಸೇರಿ ಕೂತಿದ್ದರು. ಮಾಂತುವಿಗೆ ಕಲಿಸಿದ ಪ್ರಲ್ಹಾದ ಮಾಸ್ತರರು ನಿವೃತ್ತಿಗೆ ಬಂದಿದ್ದರು. ಅವನ ಗುರುತು ಹಿಡಿದು ಬೆನ್ನು ಚಪ್ಪರಿಸಿದರು. ಚಹಾ ತರಿಸಿದರು. ಕೊನೆಗೆ ನೆಟ್ಟಗೆ ಹೇಳಿಬಿಟ್ಟರು, "ಹಾಕ್ರಿ ಅಂತ ಹೇಳಲಿಕ್ಕೆ ನನಗ ಭಾಳ ಆಸೆ ಅದರಿ ಅಕ್ಕಾರ. ಆದರ ನಾಕನೇ ಇಯತ್ತೆ ತನಕ ಈ ಸಾಲಿ ಇರತದೋ ಇಲ್ಲೋ, ನಾ ಹೆಂಗ ಹೇಳ್ಲಿ?"

ತಿರುಗಿ ಲೋಕಲ್ ಹತ್ತಿದರು. ಆಕುರ್ಡಿ ಬಂದಾಗ ಭೀಮವ್ವನೇ ಸೊಸೆಗೆ, "ಓಣ್ಯಾಗ ಒಂದು ಮರಾಠಿ ಸಾಲಿ ಅದಲ್ಲ, ಅರ್ಧ ಇಂಗ್ಲಿಷಿಂದು? ನಡಕೊಂಡು ಹೋಗೂವಷ್ಟ ದೂರ. ಅದನ್ನ ನೋಡೋಣೇನವಾ?" ಎಂದಳು. ಶೈಲಶ್ರೀ ಅತ್ತೆಯ ಮುಖ ನೋಡಿ ಇಲ್ಲ ಎನ್ನಲಿಲ್ಲ.

ಆ ಹೊತ್ತಿಗೆ ಭೀಮವ್ವ ಮನೆಯಲ್ಲಿ ಇನ್ನೊಂದು ಶಾಲೆ ತೆರೆದಾಗಿತ್ತು. ಬಂದ ಹೊಸದರಲ್ಲಿ ಪಕ್ಕದ ಮನೆಯ ನೀಲಿಮಾ ಚಕ್ಕುಲಿಯ ತಾಟು ಹಿಡಿದರೆ, ಚಿನ್ನು ಎರಡೂ ಕೈಗೆ ಒಂದೊಂದು ತೆಗೆದುಕೊಂಡು ಮೂರನೆಯದರ ಕಡೆ ನೋಡಿದ್ದಳು. ಭೀಮವ್ವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು. ಅಂದಿನಿಂದ ದಿನಾ ಪಾಠ. ಯಾರು ಏನು ಕೊಟ್ಟರೂ ಮೊದಲು ಬ್ಯಾಡ ಅನ್ನಬೇಕು. ಎರಡನೇ ಸಲವೂ ಬ್ಯಾಡ. ಮೂರನೇ ಸಲ ತಗೊಳ್ಳಬೇಕು. ಊಟ ಆತೇನು ಎಂದು ಯಾರು ಕೇಳಿದರೂ ಆತು ಅನ್ನಬೇಕು. ಆರು ವರ್ಷದ ಮಗು ಚುರುಕಾಗಿತ್ತು, ಹದಿನೈದು ದಿನದಲ್ಲಿ ಕಲಿತುಬಿಟ್ಟಿತು.

ಓಣಿಯ ಶಾಲೆಯಲ್ಲಿ ಹೆಸರು ಹಚ್ಚಿದ ದಿನ ಹೆಡ್‌ಮಿಸ್ ಆರತಿ ಬಾಯಿ ಡ್ರಾವರಿನಿಂದ ಪೇಢೆಯ ಡಬ್ಬಿ ತೆಗೆದು ಮುಂದೆ ಹಿಡಿದರು. ಚಿನ್ನು ಕೈ ಹಿಂದೆ ಕಟ್ಟಿಕೊಂಡು, "ನಕೋ" ಎಂದು ಮರಾಠಿಯಲ್ಲಿ ಬೇಡವೆಂದಳು. ಅಜ್ಜಿಯ ಕಡೆ ಓರೆಗಣ್ಣಿನಿಂದ ನೋಡಿದಳು. "ಗುಣಾಚೀ ಪೋರ" ಎಂದು ಹೊಗಳಿ ಹೆಡ್‌ಮಿಸ್ ಡಬ್ಬಿಯನ್ನು ಒಳಗಿಟ್ಟರು. ಡ್ರಾವರು ಮುಚ್ಚುವ ತನಕ ಮಗು ಅದನ್ನೇ ನೋಡುತ್ತಿತ್ತು. ಭೀಮವ್ವ ಹಿಗ್ಗಿ ಹೀರೇಕಾಯಿಯಾದಳು.

ಜೂನ್ ಹದಿನೈದಕ್ಕೆ ಶಾಲೆ ಶುರುವಾಯಿತು. ಶೈಲಶ್ರೀಯೂ ಕೆಲಸಕ್ಕೆ ಹೋಗತೊಡಗಿದಳು. ಹತ್ತೂವರೆಗೆ ಬಿಡುವುದು, ನಾಲ್ಕೂವರೆಗೆ ಕರೆತರುವುದು ಭೀಮವ್ವನ ಪಾಲು. ಅಲ್ಲಿ ಮಧ್ಯಾಹ್ನ ಎಲ್ಲ ಮಕ್ಕಳಿಗೂ ಬಿಸಿ ಖಿಚಡಿ ಬಡಿಸುತ್ತಿದ್ದರು. ಎಲ್ಲರೂ ಅದನ್ನೇ ಉಣ್ಣಬೇಕು, ಮನೆಯ ಡಬ್ಬಿ ತರುವಂತಿಲ್ಲ. ಅದು ಭೀಮವ್ವನಿಗೆ ಬಹಳ ಸೇರಿತ್ತು. "ಒಂದ ಪಂಕ್ತಿ, ಒಂದ ಊಟ. ಹಿಂಗಿರಬೇಕು ನೋಡು" ಎಂದು ಮಗನಿಗೆ ಹೇಳಿದ್ದಳು.

ಮೊದಲ ವಾರ ಚಿನ್ನು ಅಳುತ್ತ ಹೋಗಿ ನಗುತ್ತ ಬಂದಳು. ಎರಡನೇ ವಾರ ಅಳುತ್ತ ಹೋಗಿ ಅಳುತ್ತಲೇ ಬಂದಳು. ಮನೆಗೆ ಬಂದವಳೇ ರೊಟ್ಟಿಯ ಬುಟ್ಟಿಗೆ ಕೈ ಹಾಕುತ್ತಿದ್ದಳು. ಬೆಳಗಾದರೆ ಹೊಟ್ಟೆನೋವು.

"ಸಾಲ್ಯಾಗ ಊಟ ಆತೇನ?" ಎಂದು ತಾಯಿ ದಿನವೂ ಕೇಳುತ್ತಿದ್ದಳು.

"ಆತು" ಎನ್ನುತ್ತಿದ್ದಳು ಚಿನ್ನು.

ಜುಲೈ ಮೊದಲ ವಾರ ಮೈದಾನದಲ್ಲಿ ಆಡುವಾಗ ಮಗು ಕಣ್ಣು ಕತ್ತಲಿಟ್ಟು ಕುಸಿದು ಕೂತಿತು. ಶಾಲೆಯಿಂದ ಫೋನು ಬಂತು. ಡಾಕ್ಟರು ನೋಡಿ, ಏನೂ ಇಲ್ಲ, ಚೆನ್ನಾಗಿ ಊಟ ಮಾಡಿಸಿ ಎಂದರು. ಆ ಸಂಜೆ ಮನೆಯಲ್ಲಿ ಜಗಳವೇ ಆಯಿತು.

"ಈ ಸಾಲಿ ಸಾಕು," ಎಂದಳು ಶೈಲಶ್ರೀ. "ಆ ದೊಡ್ಡ ಸಾಲ್ಯಾಗ ಇನ್ನೂ ಎರಡು ಸೀಟು ಅದಾವಂತ, ನಾ ಕೇಳೀನಿ. ಡಬ್ಬಿ ನಾ ಕಟ್ಟತೀನಿ, ಸಂಜಿ ತನಕ ಅವರ ನೋಡಕೋತಾರ."

"ಒಂದ ತಿಂಗಳಿಗೇ ಸಾಲಿ ಬದಲಿ ಮಾಡಿದ್ರ ಕೂಸು ಏನಾಗಬೇಕು?" ಎಂದ ಮಾಂತು.

"ಮತ್ತೇನ್ರಿ? ಅತ್ತಿಯವರು ಇಂದಲ್ಲ ನಾಳೆ ಸೊಲ್ಲಾಪುರಕ್ಕ ಹೋಗೂವವರ. ಆಮ್ಯಾಲ ನಾಕೂವರಿಗೆ ಕರಕೊಂಡ ಬರೂವವರು ಯಾರು? ಇಲ್ಲಂದ್ರ ಪಾಳಣಾಘರ ಹುಡುಕಬೇಕು. ಅಲ್ಲಿ ಸೇರಿಸಿದ್ರ ಸಂಜಿಗೆ ಯಾರಾದರೂ ನೋಡಕೋತಾರ."

ಭೀಮವ್ವ ಪಲ್ಯ ಸೋಸುತ್ತ ಕೂತಿದ್ದಳು. ಆ ಮಾತು ನೆತ್ತಿಗೆ ಹೊಡೆದಂತಾಯಿತು. ನಾ ಹೋಗಂಗಿಲ್ಲ ಅಂತ ಒಂದು ಮಾತು ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಯಾರೂ ಕೇಳಿರಲಿಲ್ಲವಲ್ಲ! "ಒಂದೆರಡು ದಿನಾ ತಡಿರಿ" ಎಂದಷ್ಟೇ ಅಂದು ಪಲ್ಯದ ಕಡ್ಡಿ ಮುರಿದಳು.

ಮರುದಿನ ಮಧ್ಯಾಹ್ನ ಒಂದೂವರೆಗೆ ಯಾರಿಗೂ ಹೇಳದೆ ಶಾಲೆಗೆ ಹೋದಳು. ಕಾವಲಿನವನು ಪರಿಚಯದವನು, ಬಿಟ್ಟ. ವರಾಂಡದಲ್ಲಿ ಮಕ್ಕಳು ಉದ್ದನೆಯ ತಟ್ಟಿನ ಮೇಲೆ ಸಾಲಾಗಿ ಕೂತಿದ್ದರು. ಭೀಮವ್ವ ಕಂಬದ ಮರೆಗೆ ನಿಂತಳು. ಬಡಿಸುವ ಮಾವಶಿ ಬಕೆಟ್ಟು ಹಿಡಿದು, ಸೌಟು ಎತ್ತಿ, ಒಂದೊಂದೇ ತಾಟಿನ ಮುಂದೆ "ಪಾಹಿಜೆ ಕಾ?", ಬೇಕೇನು ಎಂದು ಕೇಳುತ್ತ ಓಡುನಡಿಗೆಯಲ್ಲಿ ಬರುತ್ತಿದ್ದಳು. ಎಪ್ಪತ್ತು ಎಂಬತ್ತು ಮಕ್ಕಳು, ಪಾಪ, ಒಬ್ಬಳೇ ಹೆಂಗಸು.

ಚಿನ್ನುವಿನ ಮುಂದೆ ಸೌಟು ನಿಂತಿತು.

"ಪಾಹಿಜೆ ಕಾ?"

ಮಗು ತಲೆ ತಗ್ಗಿಸಿತು. ಕೈ ಹಿಂದೆ ಕಟ್ಟಿಕೊಂಡಿತು. "ನಕೋ."

ಸೌಟು ಮುಂದಿನ ತಾಟಿಗೆ ಹೋಯಿತು. ಚಿನ್ನು ತಲೆಯೆತ್ತಿ ಬಕೆಟ್ಟನ್ನು ನೋಡಿದಳು. ಅದು ಸಾಲಿನ ಕೊನೆಯ ತನಕ ಹೋಯಿತು, ತಿರುವಿನಲ್ಲಿ ಮರೆಯಾಯಿತು, ಮತ್ತೆ ಬರಲಿಲ್ಲ. ಅಕ್ಕಪಕ್ಕದ ಮಕ್ಕಳು ಉಣ್ಣುತ್ತಿದ್ದರು. ಚಿನ್ನು ಖಾಲಿ ತಾಟಿನ ಮುಂದೆ ನೆಟ್ಟಗೆ ಕೂತಿದ್ದಳು, ಅಜ್ಜಿ ಹೇಳಿಕೊಟ್ಟ ಹಾಗೆ, ಮರ್ಯಾದೆಯಿಂದ.

ಭೀಮವ್ವ ಕಂಬದ ಮರೆಯಿಂದ ಹೊರಬಂದಳು. ಓಡಿಹೋಗಿ ಮಾವಶಿಯ ಸೆರಗು ಹಿಡಿದು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಏನೇನೋ ಅಂದು, ಒಂದು ತಾಟು ಖಿಚಡಿ ಹಾಕಿಸಿಕೊಂಡು ಬಂದು ಮೊಮ್ಮಗಳ ಮುಂದೆ ಇಟ್ಟಳು. ಮಗು ಗಬಗಬ ತಿಂದಿತು. ನೋಡುತ್ತ ನೋಡುತ್ತ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಂಜೆ ಕರೆತರುವಾಗ ದಾರಿಯಲ್ಲಿ ಕೇಳಿದಳು, "ದಿನಾ ಹಂಗ ಮಾಡ್ತಿದ್ದೇನವಾ? ಹಸಿವಿ ಆಗ್ತಿರಲಿಲ್ಲೇನ?"

"ಭಾಳ ಆಗ್ತಿತ್ತು."

"ಮತ್ತ?"

"ಆಕಿ ಒಮ್ಮೆ ಕೇಳಿ ಹೋಗಿಬಿಡ್ತಾಳ ಅಜ್ಜಿ. ನಾ ದಿನಾ ದಾರಿ ನೋಡ್ತೀನಿ. ಮೂರನೇ ಸಲ ಬರೂದ ಇಲ್ಲ."

ಭೀಮವ್ವ ಕಾಯಿಪಲ್ಯದ ಗಾಡಿಯ ಪಕ್ಕದಲ್ಲಿ ಅಲ್ಲೇ ನಿಂತು ಮೊಮ್ಮಗಳ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಮುರಿದುಕೊಂಡಳು. "ತಪ್ಪು ನಂದ ಕಂದಾ, ನಂದ ತಪ್ಪು" ಎಂದಳು. ಗಾಡಿಯವನು, ಬೆಂಡೆಕಾಯಿ ಕೊಡಲೇ ಎಂದು ಕೇಳುತ್ತಿದ್ದ.

ಎಂಟು ಗಂಟೆಗೆ ಮಗ, ಸೊಸೆ, ಮೊಮ್ಮಗಳು ಊಟಕ್ಕೆ ಕೂತಾಗ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಶೈಲಶ್ರೀಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಂದ್ರ ಮೂರು ವಾರ ನನ್ನ ಕೂಸು ಉಪವಾಸ ಕೂತದ? ನಿಮ್ಮ ಮರ್ಯಾದಿ ನನ್ನ ಮಗಳ ಹೊಟ್ಟಿ ಮ್ಯಾಲೆ ಕೂತಿತ್ತಲ್ರೀ ಅತ್ತೀ!"

"ಕೂತಿತ್ತವಾ. ಬೈಯಿ, ನಾ ಬೈಸಿಕೊಳ್ಳೂವಕಿನ."

ಬೈಸಿಕೊಳ್ಳಲು ತಯಾರಾಗಿ ಕೂತವರನ್ನು ಬೈಯುವುದು ಹೇಗೆ? ಶೈಲಶ್ರೀ ಮಗಳನ್ನು ತೊಡೆಗೆ ಎಳೆದುಕೊಂಡು ಕಣ್ಣು ತುಂಬಿಕೊಂಡಳು. ಮಾಂತು ತಾಟಿನಲ್ಲಿ ಬೆರಳಾಡಿಸುತ್ತ ಇದ್ದಕ್ಕಿದ್ದಂತೆ ನಕ್ಕ.

"ನಗತೀಯೇನೋ ಮೂಳಾ!" ಎಂದಳು ತಾಯಿ.

"ನನಗೂ ಇದ ಕಲಿಸಿದ್ದಿ ನೀ. ಎರಡನೇ ಇಯತ್ತೆಯಾಗ ಗ್ಯಾದರಿಂಗ್ ಇತ್ತು, ನೆನಪದ ಏನ? ಯಾರು ಹಾಡ್ತೀರಿ ಅಂತ ಮಾಸ್ತರು ನನ್ನ ಕಡೆ ನೋಡಿ ಕೇಳಿದ್ರು. ನಾ ಬ್ಯಾಡ್ರಿ ಅಂದೆ. ನನ್ನ ಬಾಜೂಕ ಕೂತ ಏಕನಾಥ ಹಾಡಿದ. ಅವನ ದನಿ ಕತ್ತೀದಿದ್ದಂಗ ಇತ್ತು."

"ಅಯ್ಯ, ನೀ ಮನ್ಯಾಗ ಎಷ್ಟು ಛಂದ ಹಾಡ್ತಿದ್ದಿ! ನಾ ಹಿಟ್ಟು ನಾದ್ತಿದ್ರ ನೀ ಹೊಸ್ತಿಲ ಮ್ಯಾಲೆ ಕೂತು ಹಾಡ್ತಿದ್ದಿ. ಸಾಲ್ಯಾಗ ಯಾಕ ಹಾಡಂಗಿಲ್ಲ ಅಂತ ನಿಮ್ಮಪ್ಪ ಎಷ್ಟು ಸಲ ಕೇಳ್ಯಾರ."

"ಸಾಲ್ಯಾಗ ಮೂರನೇ ಸಲ ಯಾರೂ ಕೇಳ್ಲಿಲ್ಲಲ್ಲವ್ವಾ."

ಹುಡುಗ ಯಾವಾಗ ಹಾಡು ಬಿಟ್ಟ ಎಂದು ಭೀಮವ್ವ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ಆ ಪುಟ್ಟ ಬೆನ್ನು ಮಾತ್ರ ಕಣ್ಣಿಗೆ ಕಟ್ಟಿತ್ತು. ಅವಳು ಆ ದಿನ ರೊಟ್ಟಿ ಮುಟ್ಟಲಿಲ್ಲ.

ಮರುದಿನದಿಂದ ಹೊಸ ಪಾಠ. ಬೆಳಿಗ್ಗೆ ಅಂಬಲಿಯ ಪಾತ್ರೆ ಹಿಡಿದು ಭೀಮವ್ವ ಮಾವಶಿಯಾದಳು.

"ಪಾಹಿಜೆ ಕಾ?"

"ಹ್ಞೂಂ..."

"ಹ್ಞೂಂ ಅಂದ್ರ ಯಾರಿಗೆ ಕೇಳಸ್ತದ? ಬಾಯಿದ್ದವ ಬರಗಾಲದಾಗೂ ಬದುಕ್ಯಾನ. ಜೋರಾಗಿ ಅನ್ನು!"

"ಪಾಹಿಜೆ!"

ಪಕ್ಕದ ಮನೆಯ ನೀಲಿಮಾ ಗಾಬರಿಯಾಗಿ ಬಾಗಿಲು ತೆರೆದು ನೋಡಿದಳು. ಚಿನ್ನುವಿಗೆ ಆಟ ಹತ್ತಿತು. "ಈಗ ನಾ ಬಡಿಸ್ತೀನಿ, ನೀ ಅನ್ನು" ಎಂದು ಸೌಟು ಕಸಿದುಕೊಂಡಳು. "ಪಾಹಿಜೆ ಕಾ?"

"ಸಾಕು, ಸಾಕು" ಎಂದು ಭೀಮವ್ವ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಅಜ್ಜಿ, ತಪ್ಪಾತು! ಮತ್ತೊಮ್ಮೆ. ಪಾಹಿಜೆ ಕಾ?"

"ಬ್ಯಾಡವಾ, ನಿನಗ ಇರಲಿ."

"ಅಜ್ಜಿ ನಾಪಾಸು!" ಎಂದು ಮಗು ಕುಣಿಯಿತು. ಅರವತ್ತಾರು ವರ್ಷದ ನಾಲಗೆ, ಆ ಒಂದು ಮಾತಿಗೆ ತಿರುಗಲೇ ಒಲ್ಲದು. ಭೀಮವ್ವ ನಕ್ಕು ಪಾತ್ರೆ ಎತ್ತಿಟ್ಟಳು, ಒಳಗೊಳಗೆ ಕಸಿವಿಸಿಪಟ್ಟಳು.

ಚಿನ್ನು ಮಾತ್ರ ಪಾಸಾದಳು. ವಾರದೊಳಗೆ, ಈಕೆ ಈಗ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತಾಳೆ ಎಂದು ಮಾವಶಿಯೇ ಗೇಟಿನಲ್ಲಿ ನಿಂತು ಹೇಳಿದಳು. ಹೊಟ್ಟೆನೋವು ಹೋಯಿತು. ಗೆಳತಿಯರಾದರು. ಒಂದು ಸಂಜೆ ಅಜ್ಜಿಯ ಕೈ ಬಿಡಿಸಿಕೊಂಡು ಮುಂದೆ ಓಡಿಯೂ ಹೋದಳು. ಶಾಲೆ ಬದಲಿಸುವ ಮಾತು ನಿಂತಿತು.

ಕೂಸು ಹೊಂದಿಕೊಂಡಿತು. ಅಂದರೆ ಭೀಮವ್ವ ಬಂದ ಕೆಲಸ ಮುಗಿಯಿತು. ಸೊಲ್ಲಾಪುರದಿಂದ ರಾಜೀವಿ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, "ಯವ್ವಾ, ಯಾವಾಗ ಬರ್ತಿ?" ಎನ್ನತೊಡಗಿದಳು. ಶೈಲಶ್ರೀ ಸ್ಟೇಷನ್ ರಸ್ತೆಯಲ್ಲಿ ಒಂದು ಪಾಳಣಾಘರ ನೋಡಿ ಬಂದಳು. ಆಗಸ್ಟ್ ಒಂದರಿಂದ ಚಿನ್ನು ಶಾಲೆ ಬಿಟ್ಟ ಮೇಲೆ ಅಲ್ಲಿರುವುದು ಎಂದಾಯಿತು. ಭೀಮವ್ವ ಎಲ್ಲ ಕೇಳಿಸಿಕೊಂಡು, ಒಗೆದ ಸೀರೆಗಳನ್ನು ಮಡಚಿ ಚೀಲದ ಪಕ್ಕದಲ್ಲಿಟ್ಟಳು. ಒಳಗೆ ಇಡಲು ಕೈ ಬರಲಿಲ್ಲ.

ಜುಲೈ ಕೊನೆಯ ಮಂಗಳವಾರ. ಶೈಲಶ್ರೀ ರೊಟ್ಟಿ ಬಡಿಯುತ್ತಿದ್ದಳು. ಮಾಂತು ಊಟಕ್ಕೆ ಕೂತವನು ಮೊಬೈಲು ಹಿಡಿದು, "ಯವ್ವಾ, ಶುಕ್ರವಾರದ ಗಾಡಿಗೆ ಸೀಟು ಅದ. ತಗಸಲೇನ?" ಎಂದ.

ಹ್ಞೂಂ ಎನ್ನುವುದು ರೂಢಿ. ಮಗ ಕೇಳಿದ್ದಾನೆ, ಸೊಸೆ ಕೇಳಿಸಿಕೊಳ್ಳುತ್ತಿದ್ದಾಳೆ, ಹ್ಞೂಂ ಅಂದರೆ ಎಲ್ಲರಿಗೂ ಸಲೀಸು. ಭೀಮವ್ವ ಬಾಯಿ ತೆರೆದಳು. ಖಾಲಿ ತಾಟಿನ ಮುಂದೆ ನೆಟ್ಟಗೆ ಕೂತಿದ್ದ ಚಿನ್ನು ಕಣ್ಣ ಮುಂದೆ ಬಂದಳು.

"ಬ್ಯಾಡ," ಎಂದಳು.

"ಶನಿವಾರದ್ದು ನೋಡ್ಲೇನ?"

"ಯಾವದೂ ಬ್ಯಾಡೋ. ನಾ ಹೋಗಂಗಿಲ್ಲ. ನನಗ ಇಲ್ಲೇ ಇರಬೇಕಾಗ್ಯದ."

ಹೇಳಿದ ಮೇಲೆ ಹೊಸ ಮದುಮಗಳ ಹಾಗೆ ಅವಳ ಮುಖವೆಲ್ಲ ಬಿಸಿಯಾಯಿತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಶೈಲಶ್ರೀ ಹಿಟ್ಟಿನ ಕೈಯಲ್ಲೇ ತಿರುಗಿದಳು.

"ಯುಗಾದಿಗೆ ನಾ ಕೇಳಿದ್ದೆನಲ್ರೀ?"

"ಕೇಳಿದ್ದಿ."

"ಬ್ಯಾಡ ಅಂದ್ರಿ."

"ಅಂದಿದ್ದೆ. ಇನ್ನ ಎರಡು ಸಲ ಕೇಳ್ತಿ ಅಂತ ದಾರಿ ನೋಡಿದೆವಾ."

"ಅಯ್ಯ ಶಿವನ! ನಾಕು ತಿಂಗಳು!" ಶೈಲಶ್ರೀಯ ದನಿ ಮೊದಲು ಏರಿತು, ಆಮೇಲೆ ಒಡೆಯಿತು. "ಅತ್ತಿಗೆ ನನ್ನ ಮನಿ ಬ್ಯಾಡ, ನನ್ನ ಕೈಯಾಗ ಇರೂ ಮನಸ್ಸಿಲ್ಲ ಅಂತ ತಿಳಕೊಂಡು ಆ ದಿನ ಬಚ್ಚಲದಾಗ ನಿಂತು ಅತ್ತೀನ್ರಿ ನಾ. ಹಬ್ಬದ ದಿನಾ."

ಮಾಂತು ಮೊಬೈಲು ಕೆಳಗಿಟ್ಟ. ಚಿನ್ನು ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

ಶೈಲಶ್ರೀ ಮೊಣಕೈಯಿಂದ ಕಣ್ಣೊರೆಸಿಕೊಂಡು, ಇನ್ನೊಂದು ತಾಟು ತೆಗೆದು ಅತ್ತೆಯ ಮುಂದೆ ಇಟ್ಟಳು. ಈ ಮನೆಯಲ್ಲಿ ಎಲ್ಲರದಾದ ಮೇಲೆ ಉಣ್ಣುತ್ತಿದ್ದವಳು ಭೀಮವ್ವ. ಸೊಸೆ ಏನೂ ಕೇಳಲಿಲ್ಲ. ಹೆಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು ತಾಟಿಗೆ ಹಾಕಿದಳು. ಭೀಮವ್ವ ಮುರಿದುಕೊಂಡು ತಿಂದಳು.